ಅರ್ಧ ಕೇಜಿ

ಸಂತೇಪೇಟೆಯ ಹಿಂದಿನ ಓಣಿಯಲ್ಲಿ
ಅದು ಕೋವಿ ಅಂಗಡಿಯೆಂದರೆ ನಂಬುವಂತಿರಲಿಲ್ಲ.
ಮುಂದೆ ಪಂಪ್‌ಸೆಟ್ಟಿನ ವಾಷರು, ಒಳಗೆ ಗಾಜಿನ ಬೀರು,
ಬೀರುವಿನಲ್ಲಿ ಮೂರೇ ಮೂರು
ಹಲ್ಲಿಗಳ ಹಾಗೆ ಮಲಗಿದ್ದವು.

ಅನ್ವರಸಾಬರು ಕನ್ನಡಕ ಹಣೆಗೇರಿಸಿದರು.
"ಯಾರಿಗೆ ಮೇಡಂ?"
ನನಗೆ.
"ಯಾತಕ್ಕೆ?"
ಓಡಲಿಕ್ಕೆ.
ಅವರ ನಲವತ್ತು ವರ್ಷದ ವ್ಯಾಪಾರದಲ್ಲಿ
ಇದು ಹೊಸ ಕಾರಣವಿರಬೇಕು. ಸ್ಟೂಲು ಒರೆಸಿ ಕೊಟ್ಟರು.

ವಾರಕ್ಕೆ ಮೂರು ದಿನ ಓಟ, ಎರಡು ದಿನ ಸೈಕಲ್ಲು,
ಜೋಗಿಮಟ್ಟಿಯ ತಪ್ಪಲಲ್ಲಿ, ಗಾಳಿಯಂತ್ರಗಳ ಕೆಳಗಿನ ಕೆಂಪು ದಾರಿಯಲ್ಲಿ.
ಬಾಟಲಿಯ ನೀರನ್ನೂ ಅರ್ಧ ಚೆಲ್ಲಿ ಹೊರಡುವವಳು ನಾನು,
ಗೊಂಚಲಿನಿಂದ ಒಂದೇ ಬೀಗದಕೈ ಬಿಚ್ಚಿಕೊಳ್ಳುವವಳು.
ಹಗುರಾದದ್ದು ಯಾವುದಿದೆ, ಕೇಳಿದೆ.

"ಇದು ಹಳೇದು, ಮುಕ್ಕಾಲು ಕೇಜಿ. ಇದು ಹೊಸದು, ಅರ್ಧ.
ಹಗುರ ಅಂದ್ರೆ ಒದೆಯೋದು ಜಾಸ್ತಿ,
ಬಡಕಲು ಕತ್ತೆ ಇದ್ದ ಹಾಗೆ.
ನಿಮ್ಮ ಬೆವರಿಗೆ ತುಕ್ಕು ಬೇರೆ. ದಿನಾ ಎಣ್ಣೆ ಕಾಣಿಸ್ಬೇಕು."
ಮುಟ್ಟಲು ಕೊಡಲಿಲ್ಲ. ಲೈಸೆನ್ಸ್ ಇಲ್ಲದ ಕೈ.
ಬಾಗಿಲ ತನಕ ಬಂದು ನಕ್ಕರು,
"ಈ ಊರಲ್ಲಿ ಒನಕೆಗೆ ಮಾತ್ರ ಯಾರೂ ಲೈಸೆನ್ಸ್ ಕೇಳಿಲ್ಲ ನೋಡಿ."
ಒನಕೆ ಹಿಡಿದು ಹತ್ತು ಕಿಲೋಮೀಟರು ಯಾರು ಓಡಿದ್ದಾರೆ?

ಅರ್ಜಿ ತುಂಬಿದೆ. ಹೆಸರು, ಹೊನ್ನೂರಮ್ಮ.
ವೃತ್ತಿ, ಹೈಸ್ಕೂಲಿನ ಪೀಟಿ ಟೀಚರು.
ಆಯುಧದ ಅಗತ್ಯಕ್ಕೆ ಕಾರಣ, ಎರಡು ಗೆರೆ ಜಾಗ.
ಕರಡಿ, ಎಂದು ಬರೆದೆ.

ಸುಳ್ಳಲ್ಲ. ಸೀತಾಫಲ ಹಣ್ಣಾಗುವ ಕಾಲಕ್ಕೆ
ದಾರಿಯ ನಡುವೆ ಬೀಜ ತುಂಬಿದ ಹಿಕ್ಕೆ ನೋಡಿದ್ದೇನೆ, ಇನ್ನೂ ಹಸಿ.
ಫಾರೆಸ್ಟ್ ವಾಚರ್ ಗಾದ್ರಪ್ಪ ಓದಿ ತಲೆ ಕೊಡವಿದ.
"ಕಾಡೊಳಕ್ಕೆ ಅದನ್ನ ತಂದ್ರೆ ಮೊದ್ಲು ನಿನ್ನೇ ಹಿಡೀಬೇಕಾಗ್ತದೆ ಟೀಚರಮ್ಮ.
ಕರಡಿಗೆ ಬೇಕಾದ್ದು ಗುಂಡಲ್ಲ, ಸುದ್ದಿ.
ಬತ್ತಾ ಇದೀನಿ ಅಂತ ಮೊದ್ಲೇ ತಿಳಿಸ್ಬೇಕು.
ಬೆಲ್ ಬಾರಿಸು, ಕೆಮ್ಮು, ಮಗ್ಗಿ ಹೇಳು."

ಹದಿಮೂರರ ಮಗ್ಗಿ ಹೇಳುತ್ತಾ ಓಡಿದೆ ಒಂದು ವಾರ.
ಹದಿಮೂರೇಳಲೆ ತೊಂಬತ್ತೊಂದಕ್ಕೆ ಏರು ಮುಗಿಯುತ್ತದೆ,
ತಿರುವಿನಲ್ಲಿ ಮೋರಿಯ ಕಟ್ಟೆ ಸಿಗುತ್ತದೆ,
ಕಟ್ಟೆಯ ಮೇಲೆ ಇಬ್ಬರು. ಬೈಕು ಆಫ್ ಆಗಿರುವುದಿಲ್ಲ.
ಅಲ್ಲಿ ಮಗ್ಗಿ ನಿಲ್ಲುತ್ತದೆ.
ಅವರಿಗೆ ನನ್ನ ಸುದ್ದಿ ಮೊದಲೇ ತಿಳಿದಿರುತ್ತದೆ,
ಯಾವ ದಿನ ಓಟ, ಯಾವ ದಿನ ಸೈಕಲ್ಲು.
ಇದನ್ನು ಎರಡು ಗೆರೆಯಲ್ಲಿ ಹೇಗೆ ಬರೆಯುವುದು?
ಅವರು ಏನೂ ಮಾಡಿಲ್ಲ.
ಅದನ್ನೇ ಬರೆಯಬೇಕು. ಏನೂ ಮಾಡಿಲ್ಲ, ಇನ್ನೂ.

ಕೊಳ್ಳುವ ಮೊದಲು ಹೊತ್ತು ನೋಡೋಣ ಎಂದು
ಅರ್ಧ ಕೇಜಿ ಪುಡಿಯುಪ್ಪಿನ ಪ್ಯಾಕೆಟ್ಟನ್ನು
ಹಳೇ ದುಪಟ್ಟಾದಲ್ಲಿ ಸುತ್ತಿ ಸೊಂಟಕ್ಕೆ ಬಿಗಿದೆ.
ಬಲಕ್ಕೆ ಕಟ್ಟಿದರೆ ಹೆಜ್ಜೆಹೆಜ್ಜೆಗೂ ಮೂಳೆಗೆ ಬಡಿಯಿತು.
ಬೆನ್ನಿಗೆ ಕಟ್ಟಿದರೆ ಸೈಕಲ್ಲಿನ ಮೇಲೆ ಬಾಗಿದಾಗ
ಯಾರೋ ಕೈಯಿಟ್ಟ ಹಾಗೆ.
ಹೊಟ್ಟೆಯ ಮೇಲಾದರೆ ಉಸಿರಿನ ದಾರಿಯಲ್ಲಿ ಕೂತ ನೆಂಟ.
ಹದಿನೈದು ದಿನಕ್ಕೆ ಹುಣಸೆಬೀಜದಷ್ಟು ಕಪ್ಪು ಗುರುತು ಬಿತ್ತು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಹೊತ್ತವರು?

ಮಂಗಳವಾರ ಕಟ್ಟೆಯಿಂದ ಒಬ್ಬ ಇಳಿದ, ದಾರಿಗೆ ಅಡ್ಡ.
ನನ್ನ ಕೈ ನನ್ನನ್ನು ಕೇಳದೆ ಸೊಂಟಕ್ಕೆ ಹೋಗಿ
ಉಪ್ಪಿನ ಮೇಲೆ ಕೂತಿತು.
ಅವನು ಕೈ ನೋಡಿದ. ಗಂಟು ನೋಡಿದ.
ಹಿಂದಿದ್ದವನು "ಬಾರಲೇ, ಟೈಮಾತು" ಅಂದ.
ಹೆದರಿದರೋ, ನಿಜಕ್ಕೂ ಟೈಮಾಗಿತ್ತೋ.
ಧೂಳು ಇಳಿದ ಮೇಲೆ ನೋಡಿಕೊಂಡರೆ
ತೋರುಬೆರಳು ಪ್ಯಾಕೆಟ್ಟನ್ನು ತೂತು ಮಾಡಿ ಒಳಗಿತ್ತು.
ಇಳಿಜಾರಿನುದ್ದಕ್ಕೂ ಸೋರುತ್ತಾ ಓಡಿದೆ,
ಹೆಜ್ಜೆಗಿಷ್ಟು ಹಗುರಾಗುತ್ತಾ.

ಸಂಜೆ ದಿನಸಿ ಅಂಗಡಿಯಲ್ಲಿ ಮತ್ತೊಂದು ಅರ್ಧ ಕೇಜಿ ಕೊಂಡೆ.
ಯಾತಕ್ಕೆ ಎಂದು ಯಾರೂ ಕೇಳಲಿಲ್ಲ.
ಅರ್ಜಿಯಲ್ಲಿ ಕರಡಿಯನ್ನು ಹೊಡೆದುಹಾಕಿದೆ,
ಬೇರೇನೂ ಬರೆಯಲಿಲ್ಲ.

ಮರುದಿನ ಸೈಕಲ್ಲಿನ ಸರದಿ. ಕಟ್ಟೆ ಖಾಲಿ.
ಆಚೆಯ ಹಾಸುಗಲ್ಲಿನ ಮೇಲೆ, ಉಪ್ಪು ಬಿದ್ದಿದ್ದಲ್ಲಿ,
ಯಾವುದೋ ಒರಟು ನಾಲಿಗೆ ಕಲ್ಲನ್ನು ಕಪ್ಪಗೆ ನೆಕ್ಕಿತ್ತು.
ಒದ್ದೆ ಇನ್ನೂ ಆರಿರಲಿಲ್ಲ.
ಬೆಲ್ ಬಾರಿಸಿದೆ, ಎರಡು ಸಲ.
ಬತ್ತಾ ಇದೀನಿ.